ಚಿಕ್ಕ ಕಾರಿನ ಶಿಲ್ಪಿ: ಅಲೆಕ್ ಇಸಿಗೋನಿಸ್

ಕನ್ನಡ ಪಾಠ ಹೇಳುವವನಿಗೆ ಮೋಟಾರು ಕಾರಿನ ಗೊಡವೆ ಏತಕ್ಕೆಂದು ವಾಚಕರು ಕೇಳಬಹುದು. ಕಬ್ಬಿಗರ ಚರಿತ್ರೆಯನ್ನು ಬರೆಯುವುದು ನನ್ನ ಕಸುಬಿಗೆ ಒಪ್ಪುವ ಕೆಲಸ. ಯಂತ್ರಶಿಲ್ಪಿಯ ಚರಿತ್ರೆಗೆ ಯಂತ್ರ ಬಲ್ಲವರೇ ಬೇಕೆಂಬ ಮಾತಿನಲ್ಲಿ ನ್ಯಾಯವಿಲ್ಲದಿಲ್ಲ. ಆದರೂ ಅಳತೆಗೆ ಕಟ್ಟುಬಿದ್ದು ದುಡಿಯುವುದರಲ್ಲಿ ಕಬ್ಬಿಗನಿಗೂ ಶಿಲ್ಪಿಗೂ ಹೆಚ್ಚಿನ ಭೇದವಿಲ್ಲ. ಮೂರೇ ಸಾಲಿನ ತ್ರಿಪದಿಯಲ್ಲಿ ಎಷ್ಟು ಅರ್ಥ ಹಿಡಿದೀತೆಂಬುದು ಸರ್ವಜ್ಞನ ಮುಂದೆ ಇದ್ದ ಪ್ರಶ್ನೆ. ಹತ್ತೇ ಅಡಿ ಉದ್ದದ ಕಾರಿನಲ್ಲಿ ನಾಲ್ವರು ಮನುಷ್ಯರೂ ಅವರ ಗಂಟುಮೂಟೆಯೂ ಹೇಗೆ ಹಿಡಿಸಿಯಾವೆಂಬುದು ಅಲೆಕ್ ಇಸಿಗೋನಿಸನ ಮುಂದೆ ಇದ್ದ ಪ್ರಶ್ನೆ. ಕೈಯಲ್ಲಿ ಹಣ ಕಡಮೆ, ಸಿಕ್ಕಿದ ಎಂಜಿನ್ ಬೇರೆ, ಬಯಸಿದ ಎಂಜಿನ್ ಬೇರೆ ಎಂಬ ಸ್ಥಿತಿಯಲ್ಲಿ ಅವನು ಈ ಪ್ರಶ್ನೆಗೆ ಉತ್ತರ ಹುಡುಕಿದನು. ಆ ಕತೆಯನ್ನು ತಿಳಿಯುವುದರಿಂದ ಯಂತ್ರವನ್ನರಿಯದವರಿಗೂ ಲಾಭವುಂಟೆಂದು ನನ್ನ ನಂಬಿಕೆ.

ಇಸಿಗೋನಿಸನ ಹೆಸರು ನಮ್ಮ ಕಡೆ ಬಳಕೆಯಲ್ಲಿಲ್ಲ. ಆದರೆ ಅವನ ಕೆಲಸದ ಗುರುತನ್ನು ಕಾಣದವರು ವಿರಳ. ದಿಬ್ಬೂರಹಳ್ಳಿಯಿಂದ ಶಿಡ್ಲಘಟ್ಟಕ್ಕೆ, ಅಲ್ಲಿಂದ ಚಿಂತಾಮಣಿಗೋ ಚಿಕ್ಕಬಳ್ಳಾಪುರಕ್ಕೋ ಮದುವೆಯ ಮನೆಯವರನ್ನೂ ಕಾಯಿಲೆಯವರನ್ನೂ ಹೊತ್ತು ಓಡಾಡಿದ ಬಾಡಿಗೆಯ ಅಂಬಾಸಡರ್ ಕಾರನ್ನು ನನ್ನ ಪ್ರಾಯದವರೆಲ್ಲರೂ ಬಲ್ಲರು. ಪೆಟ್ರೋಲಿನ ಬೆಲೆ ತಾಳಲಾರದೆ ಅದರ ಎಂಜಿನ್ನನ್ನು ಇಳಿಸಿ, ಹಳೆಯ ಡೀಸೆಲ್ ಎಂಜಿನ್ನೊಂದನ್ನು ಕೂರಿಸಿಕೊಂಡು, ಮತ್ತೆ ಹತ್ತು ವರ್ಷ ಸಂಸಾರ ಸಾಗಿಸಿದ ಬಾಡಿಗೆ ಕಾರಿನವರು ಈ ನಾಡಿನಲ್ಲಿ ಎಷ್ಟೋ ಮಂದಿ. ಒಡಲು ಒಂದು, ಹೃದಯ ಮತ್ತೊಂದು ಆದರೂ ಆ ಕಾರು ನಡೆಯಿತು. ಅಂಬಾಸಡರಿನ ವಂಶವನ್ನು ಹಿಂದಕ್ಕೆ ಹುಡುಕುತ್ತ ಹೋದರೆ ನಾವು ಸೇರುವುದು ೧೯೪೮ರ ಮೋರಿಸ್ ಆಕ್ಸ್‌ಫರ್ಡ್ ಎಂಬ ಆಂಗ್ಲ ಕಾರನ್ನು. ಅದರ ನಕ್ಷೆಯನ್ನು ಬರೆದವನೇ ಇಸಿಗೋನಿಸ್.

ಅವನು ಹುಟ್ಟಿದ್ದು ೧೯೦೬ನೆಯ ನವೆಂಬರ್ ೧೮ರಂದು, ಈಗ ತುರ್ಕಿಯ ಇಜ್ಮೀರ್ ಎನಿಸಿಕೊಂಡಿರುವ ಸ್ಮಿರ್ನಾ ಎಂಬ ಬಂದರಿನಲ್ಲಿ. ತಂದೆ ಕಾನ್‌ಸ್ಟಂಟೈನ್ ಗ್ರೀಕ್ ಮನೆತನದವನು. ಹಡಗಿನ ಯಂತ್ರಗಳ ಕಾರ್ಖಾನೆಯನ್ನು ನಡೆಸುತ್ತಿದ್ದನು. ತಾಯಿ ಹುಲ್ಡಾ ಜರ್ಮನ್ ಮೂಲದವಳು. ಪ್ರಜಾಹಕ್ಕಿನಿಂದ ಈ ಕುಟುಂಬ ಬ್ರಿಟನ್ನಿಗೆ ಸೇರಿತ್ತು. ಬಾಲಕ ಅಲೆಕ್ ಬೆಳೆದದ್ದು ಹಬೆಯ ಯಂತ್ರಗಳ ನಡುವೆ. ೧೯೨೨ರಲ್ಲಿ ಗ್ರೀಕರಿಗೂ ತುರ್ಕರಿಗೂ ನಡೆದ ಯುದ್ಧದ ಕೊನೆಯಲ್ಲಿ ಸ್ಮಿರ್ನಾ ಬೆಂಕಿಗೆ ಆಹುತಿಯಾಯಿತು. ಬ್ರಿಟಿಷ್ ಪ್ರಜೆಗಳನ್ನು ನೌಕಾಪಡೆಯ ಹಡಗುಗಳು ಮಾಲ್ಟಾ ದ್ವೀಪಕ್ಕೆ ಸಾಗಿಸಿದುವು. ಕಾರ್ಖಾನೆ ಹೋಯಿತು, ಮನೆ ಹೋಯಿತು. ಮಾಲ್ಟಾದಲ್ಲಿ ತಂದೆಯೂ ತೀರಿಕೊಂಡನು. ಹದಿನಾರರ ಹರೆಯದ ಹುಡುಗನೂ ಅವನ ತಾಯಿಯೂ ಹೆಚ್ಚು ಹಣವಿಲ್ಲದೆ ಲಂಡನ್ನನ್ನು ಸೇರಿದರು. ಅವನು ಮದುವೆಯಾಗಲಿಲ್ಲ; ತಾಯಿ ಬದುಕಿರುವ ತನಕ ಅವಳೊಡನೆಯೇ ಬಾಳಿದನು. ಒಮ್ಮೆ ಎಲ್ಲವನ್ನೂ ಕಳೆದುಕೊಂಡವನಿಗೆ ಅನಾವಶ್ಯಕವಾದುದರ ಮೇಲೆ ಬೇಸರ ಹುಟ್ಟುವುದು ಸಹಜ. ಮುಂದೆ ಅವನ ಕಾರುಗಳಲ್ಲಿ ಕಾಣುವ ವಿರಕ್ತಿಗೆ ಇದೂ ಒಂದು ಕಾರಣವಿರಬಹುದೆಂದು ನನಗೆ ತೋರುತ್ತದೆ.

ಲಂಡನ್ನಿನ ಬ್ಯಾಟರ್‌ಸೀ ಪಾಲಿಟೆಕ್ನಿಕ್ಕಿನಲ್ಲಿ ಅವನು ಯಂತ್ರವಿದ್ಯೆಯನ್ನು ಕಲಿತನು. ಗಣಿತದಲ್ಲಿ ಮೂರು ಸಲ ತಪ್ಪಿದನು. ಶುದ್ಧ ಗಣಿತವು ಕಲ್ಪನೆಗೆ ಶತ್ರುವೆಂದು ಅವನು ಕಡೆಯವರೆಗೂ ವಾದಿಸುತ್ತಿದ್ದನು. ಈ ವಾದವನ್ನು ನಮ್ಮ ವಿದ್ಯಾರ್ಥಿಗಳು ಆಧಾರವಾಗಿ ಹಿಡಿಯದಿರುವುದು ಲೇಸು. ಅವನಿಗೆ ಒಲಿದಿದ್ದುದು ಚಿತ್ರರಚನೆ. ಅವನು ಕೈಯಿಂದ ಬರೆದ ಚಿತ್ರವನ್ನು ನೋಡಿ ಕೆಲಸಗಾರರು ಭಾಗಗಳನ್ನು ಮಾಡಿಬಿಡುವಷ್ಟು ಅದು ಸ್ಪಷ್ಟವಾಗಿರುತ್ತಿತ್ತು. ಲೆಕ್ಕವನ್ನು ಹಾಕಿ ಅಳತೆಯ ನಕ್ಷೆಯನ್ನು ಸಿದ್ಧಪಡಿಸುವ ಭಾರವನ್ನು ಜ್ಯಾಕ್ ಡೇನಿಯಲ್ಸನಂತಹ ಸಹಾಯಕರು ಹೊತ್ತರು.

ಆಗ ಇಂಗ್ಲೆಂಡಿನ ಬಡ ಮಧ್ಯಮವರ್ಗದವರ ಕಾರೆಂದರೆ ಆಸ್ಟಿನ್ ಸೆವೆನ್. ಅದರ ಎಂಜಿನ್ ೭೪೭ ಸಿ.ಸಿ.ಯದು, ಇಂದಿನ ಎಷ್ಟೋ ಮೋಟಾರ್ ಸೈಕಲ್ಲುಗಳಿಗೆ ಅದಕ್ಕಿಂತ ದೊಡ್ಡ ಎಂಜಿನ್ ಇದೆ. ಇಸಿಗೋನಿಸನಿಗೆ ಪಂದ್ಯಗಳ ಹುಚ್ಚು. ಚಿಕ್ಕ ಕಾರು ವೇಗವಾಗಿ ಓಡಬೇಕಾದರೆ ದಾರಿಗಳು ಎರಡೇ: ಎಂಜಿನ್ನಿನ ಬಲ ಹೆಚ್ಚಬೇಕು, ಇಲ್ಲವೆ ಕಾರಿನ ತೂಕ ತಗ್ಗಬೇಕು. ಮೊದಲನೆಯದು ಹಣದ ದಾರಿ, ಎರಡನೆಯದು ಮೈಮುರಿತದ ದಾರಿ. ಜಾರ್ಜ್ ಡೌಸನ್ ಎಂಬ ಗೆಳೆಯನೊಡನೆ ಸೇರಿ ಅವನು ಎರಡನೆಯದನ್ನು ಹಿಡಿದನು. ಹಗಲು ಹೊಟ್ಟೆಪಾಡಿನ ನೌಕರಿ, ಬಿಡುವಿನಲ್ಲಿ ಈ ತಪಸ್ಸು. ವರ್ಷಗಳ ಕಾಲ ಹೆಚ್ಚಿನ ಯಂತ್ರೋಪಕರಣಗಳಿಲ್ಲದೆ ಕೈಯಿಂದ ಕೊಯ್ದು, ಉಜ್ಜಿ, ಜೋಡಿಸಿ ೧೯೩೮ರ ವೇಳೆಗೆ ಒಂದು ಕಾರನ್ನು ಮುಗಿಸಿದರು. ಪ್ಲೈವುಡ್ಡಿಗೆ ಅಲ್ಯೂಮಿನಿಯಂ ತಗಡನ್ನು ಹೊದಿಸಿದ ಅದರ ಒಡಲೇ ಚೌಕಟ್ಟು. ಉಕ್ಕಿನ ಪಟ್ಟಿಗಳ ಬದಲು ರಬ್ಬರಿನ ಸ್ಪ್ರಿಂಗುಗಳು. ಒಟ್ಟು ತೂಕ ಮೂರು ಕ್ವಿಂಟಾಲಿಗೂ ಕಡಮೆ. ಲೈಟ್‌ವೆಯ್ಟ್ ಸ್ಪೆಷಲ್ ಎಂಬ ಹೆಸರಿನ ಈ ಕಾರು ಹಣವುಳ್ಳವರ ಕಾರುಗಳೆದುರು ಗೆಲ್ಲಬಲ್ಲುದಾಯಿತು.

೧೯೩೬ರಲ್ಲಿ ಅವನು ಆಕ್ಸ್‌ಫರ್ಡ್ ಬಳಿಯ ಕೌಲಿಯಲ್ಲಿದ್ದ ಮೋರಿಸ್ ಕಾರ್ಖಾನೆಯನ್ನು ಸೇರಿದನು. ಎರಡನೆಯ ಮಹಾಯುದ್ಧ ನಡೆಯುತ್ತಿದ್ದಾಗಲೇ, ಶಾಂತಿ ಬಂದ ಮೇಲೆ ಜನಕ್ಕೆ ಬೇಕಾಗುವ ಚಿಕ್ಕ ಕಾರಿನ ಯೋಜನೆಯನ್ನು ಕಂಪನಿಯ ಹಿರಿಯ ಅಧಿಕಾರಿ ಮೈಲ್ಸ್ ಥಾಮಸ್ ಅವನಿಗೆ ಒಪ್ಪಿಸಿದನು. ಆ ಯೋಜನೆಗೆ ಸೊಳ್ಳೆಯ ಹೆಸರಿಟ್ಟಿದ್ದರು. ಮುಂದೆ ಅದೇ ಮೋರಿಸ್ ಮೈನರ್ ಆಯಿತು.

ಇಲ್ಲಿ ಒಂದು ಸಂಗತಿಯನ್ನು ಬಿಡಿಸಿ ಹೇಳಬೇಕು. ಈ ಕಾರಿಗೆಂದು ಇಸಿಗೋನಿಸ್ ಮನಸ್ಸಿನಲ್ಲಿ ಕಂಡಿದ್ದುದು ಹೊಸ ಬಗೆಯ ಎಂಜಿನ್. ಅದರಲ್ಲಿ ನಾಲ್ಕು ಸಿಲಿಂಡರುಗಳು ನೆಟ್ಟಗೆ ಸಾಲಾಗಿ ನಿಲ್ಲದೆ, ಎಡಕ್ಕೆರಡು ಬಲಕ್ಕೆರಡು ಮಲಗಿರುತ್ತವೆ. ಅಂಥ ಎಂಜಿನ್ ಕುಳ್ಳು, ಆದರೆ ಅಗಲ. ಆದುದರಿಂದ ಬಾನೆಟ್ಟಿನ ಕೆಳಗೆ ಅವನು ಅಗಲವಾದ ಕೋಣೆಯನ್ನು ಬಿಟ್ಟನು. ಕಾರು ಸಿದ್ಧವಾಗುವ ಹೊತ್ತಿಗೆ ಕಂಪನಿಯಲ್ಲಿ ಹಣದ ಲೆಕ್ಕ ಎದ್ದಿತು. ಹೊಸ ಎಂಜಿನ್ನಿಗೆ ಹೊಸ ಯಂತ್ರಗಳು ಬೇಕು, ಅದಕ್ಕೆ ಬಂಡವಾಳ ಬೇಕು. ಅದನ್ನು ಕೈಬಿಡಬೇಕೆಂದು ತೀರ್ಮಾನವಾಯಿತು. ಯುದ್ಧಕ್ಕೆ ಮುಂಚಿನ ಮೋರಿಸ್ ಎಯ್ಟ್ ಕಾರಿನ ೯೧೮ ಸಿ.ಸಿ.ಯ ಹಳೆಯ ಎಂಜಿನ್ನನ್ನೇ ತಂದು ಆ ದೊಡ್ಡ ಕೋಣೆಯಲ್ಲಿ ಕೂರಿಸಿದರು. ಸುಮಾರು ೨೭ ಅಶ್ವಶಕ್ತಿಯ ಆ ಸಣಕಲು ಎಂಜಿನ್ನಿನ ಎರಡು ಪಕ್ಕಗಳಲ್ಲಿಯೂ ಜಾಗ ಉಳಿಯಿತು.

ಕಂಪನಿಯ ಒಡೆಯನಾದ ಲಾರ್ಡ್ ನಫೀಲ್ಡನಿಗೆ ಆ ಕಾರು ಹಿಡಿಸಲೇ ಇಲ್ಲ. ಅದರ ಗುಂಡಾದ ಆಕಾರವನ್ನು ನೀರಿನಲ್ಲಿ ಬೇಯಿಸಿದ ಕೋಳಿಮೊಟ್ಟೆಗೆ ಹೋಲಿಸಿ ಅವನು ಹಳಿದನೆಂದು ಪ್ರಸಿದ್ಧಿಯಿದೆ. ಇಸಿಗೋನಿಸನಿಗೂ ಸಂಪೂರ್ಣ ತೃಪ್ತಿಯಿರಲಿಲ್ಲ. ಕಾರು ಇಕ್ಕಟ್ಟಾಗಿ ಕಾಣುತ್ತಿತ್ತು. ಎಲ್ಲವೂ ಮುಗಿಯಿತೆನ್ನುವ ಹೊತ್ತಿನಲ್ಲಿ ಅವನು ಮಾದರಿಯ ಕಾರನ್ನು ಉದ್ದಕ್ಕೆ ನಡುವೆ ಸೀಳಿಸಿ, ಎರಡು ಹೋಳುಗಳನ್ನು ದೂರ ಸರಿಸುತ್ತ ಹೋಗಿ, ಕಣ್ಣಿಗೆ ಒಪ್ಪಿದ ಕಡೆ ನಿಲ್ಲಿಸಿದನು. ಅಳೆದಾಗ ನಡುವಣ ಅಂತರ ನಾಲ್ಕು ಅಂಗುಲ ಬಂದಿತು. ಬಂಪರುಗಳು ಆಗಲೇ ತಯಾರಾಗಿ ಬಿದ್ದಿದ್ದುವು. ಅವುಗಳನ್ನು ಎಸೆಯುವಷ್ಟು ಸಿರಿವಂತಿಕೆ ಇರಲಿಲ್ಲವಾಗಿ, ನಡುವೆ ಕತ್ತರಿಸಿ ನಾಲ್ಕಂಗುಲದ ತುಂಡನ್ನು ಸೇರಿಸಿದರು. ೧೯೪೮ರ ಅಕ್ಟೋಬರಿನಲ್ಲಿ ಲಂಡನ್ನಿನ ಪ್ರದರ್ಶನದಲ್ಲಿ ಜನ ಮೊದಲು ಕಂಡ ಮೈನರ್ ಹೀಗೆ ತೇಪೆ ಹಾಕಿದ ಬಂಪರಿನದು. ಹನ್ನೆರಡು ವರ್ಷಗಳಲ್ಲಿ ಹತ್ತು ಲಕ್ಷ ಕಾರುಗಳು ತಯಾರಾದುವು. ಬ್ರಿಟನ್ನಿನ ಯಾವ ಕಾರೂ ಅದಕ್ಕೆ ಮುನ್ನ ಆ ಸಂಖ್ಯೆಯನ್ನು ಮುಟ್ಟಿರಲಿಲ್ಲ.

ಖಾಲಿ ಉಳಿದ ಜಾಗದ ಮಹಿಮೆ ಆಮೇಲೆ ತಿಳಿದುಬಂದಿತು. ೧೯೫೨ರಲ್ಲಿ ಮೋರಿಸ್ ಮತ್ತು ಆಸ್ಟಿನ್ ಸಂಸ್ಥೆಗಳು ಒಂದಾದಾಗ ಮೈನರಿಗೆ ೮೦೩ ಸಿ.ಸಿ.ಯ ಆಸ್ಟಿನ್ ಎಂಜಿನ್ ಬಂದಿತು. ೧೯೫೬ರಲ್ಲಿ ಅದು ೯೪೮ ಆಯಿತು, ೧೯೬೨ರಲ್ಲಿ ೧೦೯೮ ಆಯಿತು. ಕಾರಿನ ಮೈ ಮಾತ್ರ ಅದೇ. ಕಂಪನಿ ನಿಂತಲ್ಲಿಗೆ ಜನ ನಿಲ್ಲಲಿಲ್ಲ. ಮೈನರುಗಳು ಹಳತಾಗಿ ಅಗ್ಗವಾದ ಮೇಲೆ, ಕೈಯಲ್ಲಿ ಸ್ಪ್ಯಾನರು ಹಿಡಿಯಬಲ್ಲ ಶಾಲಾಮಾಸ್ತರರೂ ಗುಮಾಸ್ತರೂ ಅಪಘಾತದಲ್ಲಿ ಜಜ್ಜಿಹೋದ ಬೇರೆ ಕಾರುಗಳಿಂದ ಅದೇ ಮನೆತನದ ೧೨೭೫ ಸಿ.ಸಿ. ಎಂಜಿನ್ನನ್ನು ಕೊಂಡುತಂದು ತಮ್ಮ ಕೊಟ್ಟಿಗೆಗಳಲ್ಲಿಯೇ ಕೂರಿಸಿಕೊಂಡರು. ಎಂಜಿನ್ನಿನ ಹೊರ ಅಳತೆ ಹೆಚ್ಚು ಬದಲಾಗಿರಲಿಲ್ಲವಾದ್ದರಿಂದ ಖರ್ಚು ಕಡಮೆ. ಇನ್ನೂ ಧೈರ್ಯಶಾಲಿಗಳು ಫೋರ್ಡಿನದನ್ನೂ ಫಿಯೆಟ್ಟಿನದನ್ನೂ ಇಟ್ಟರು. ಮಲಗುವ ಎಂಜಿನ್ನಿಗೆಂದು ಬಿಟ್ಟ ಜಾಗವೇ ಅವಕ್ಕೆಲ್ಲ ಎಡೆಮಾಡಿಕೊಟ್ಟಿತು.

ಆದರೆ ಎಂಜಿನ್ ಕೂತಿತೆಂದರೆ ಕೆಲಸ ಮುಗಿದಂತಲ್ಲ. ೩೦ ಅಶ್ವಶಕ್ತಿಗೆ ಸಾಕಾಗುವ ಬ್ರೇಕು ೬೦ಕ್ಕೆ ಸಾಲದು. ಮುಂದಿನ ಚಕ್ರಗಳಿಗೆ ಡಿಸ್ಕ್ ಬ್ರೇಕು ಹಾಕಬೇಕು. ಹಿಂದಿನ ಅಚ್ಚಿನ ಹಲ್ಲುಚಕ್ರಗಳ ಲೆಕ್ಕ ಹಳೆಯ ಎಂಜಿನ್ನಿಗೆ ಹೊಂದಿಸಿದ್ದು. ಅದನ್ನು ಬದಲಿಸದಿದ್ದರೆ ಹೊಸ ಎಂಜಿನ್ ವೃಥಾ ಅರಚುತ್ತದೆ. ರೇಡಿಯೇಟರು ಹೆಚ್ಚಿದ ಬಿಸಿಯನ್ನು ತಾಳಬೇಕು. ಅಗ್ಗಕ್ಕೆ ಸಿಕ್ಕುವುದು ಎಂಜಿನ್ ಒಂದೇ. ಬೆಲೆ ತೆರಬೇಕಾದುದು ಅದರ ಪರಿವಾರಕ್ಕೆ. ಆದುದರಿಂದ ಬಲ್ಲವರು ಮೊದಲು ಬ್ರೇಕಿಗೆ ಹಣ ತೆಗೆದಿಟ್ಟು ಆಮೇಲೆ ಎಂಜಿನ್ನನ್ನು ಹುಡುಕುತ್ತಾರೆ. ನಮ್ಮ ದೇಶದಲ್ಲಿ ೧೯೮೮ರ ಮೋಟಾರು ವಾಹನಗಳ ಕಾಯಿದೆಯ ೫೨ನೆಯ ಪ್ರಕರಣವೂ ಇದೆ. ನೋಂದಣಿ ಅಧಿಕಾರಿಗೆ ತಿಳಿಸದೆ, ಮನಬಂದಂತೆ ಎಂಜಿನ್ ಬದಲಿಸಲು ಅದು ಎಡೆಗೊಡುವುದಿಲ್ಲ. ಓಡುವ ಬಲವನ್ನು ಹೆಚ್ಚಿಸುವವನು ನಿಲ್ಲುವ ಬಲವನ್ನೂ ಹೆಚ್ಚಿಸಬೇಕೆಂಬುದೇ ಇದೆಲ್ಲದರ ತಾತ್ಪರ್ಯ.

ಮೈನರನ್ನೇ ಹಿಗ್ಗಿಸಿದಂತಿದ್ದ ಮೋರಿಸ್ ಆಕ್ಸ್‌ಫರ್ಡ್ ನಮ್ಮ ದೇಶಕ್ಕೆ ಬಂದ ಬಗೆಯನ್ನು ಇಲ್ಲಿಯೇ ಹೇಳಬೇಕು. ಭಾರತದಲ್ಲಿ ಕಾರು ತಯಾರಾಗಬೇಕೆಂಬ ಹಂಬಲವನ್ನು ಮೊದಲು ಯೋಜನೆಯ ರೂಪಕ್ಕೆ ತಂದವರಲ್ಲಿ ನಮ್ಮ ಜಿಲ್ಲೆಯ ಮುದ್ದೇನಹಳ್ಳಿಯಲ್ಲಿ ಹುಟ್ಟಿದ ಸರ್ ಎಂ. ವಿಶ್ವೇಶ್ವರಯ್ಯನವರು ಪ್ರಮುಖರು. ಎಪ್ಪತ್ತನ್ನು ದಾಟಿದ ವಯಸ್ಸಿನಲ್ಲಿ, ೧೯೩೫ರಲ್ಲಿ, ಅವರು ಯೂರೋಪು ಅಮೆರಿಕಗಳ ಕಾರ್ಖಾನೆಗಳನ್ನು ಸುತ್ತಿ ನೋಡಿ ಬಂದು ವಿವರವಾದ ಯೋಜನೆಯನ್ನು ಬರೆದರು. ಆಳುವ ಪರಕೀಯ ಸರಕಾರದ ನೆರವು ದೊರೆಯಲಿಲ್ಲ. ಮುಂದೆ ೧೯೪೨ರಲ್ಲಿ ಬಿರ್ಲಾ ಮನೆತನದವರು ಹಿಂದುಸ್ಥಾನ್ ಮೋಟಾರ್ಸ್ ಸಂಸ್ಥೆಯನ್ನು ಸ್ಥಾಪಿಸಿ ಮೋರಿಸ್ ಕಾರುಗಳನ್ನು ತಯಾರಿಸತೊಡಗಿದರು. ಇಸಿಗೋನಿಸನ ಮೈನರ್ ಇಲ್ಲಿ ಬೇಬಿ ಹಿಂದುಸ್ಥಾನ್ ಎನಿಸಿತು. ಅವನ ಆಕ್ಸ್‌ಫರ್ಡ್ ಹಿಂದುಸ್ಥಾನ್ ಹದಿನಾಲ್ಕು ಎನಿಸಿತು. ಅದರ ಮುಂದಿನ ಪೀಳಿಗೆಯೊಂದು ೧೯೫೭ರಲ್ಲಿ ಅಂಬಾಸಡರ್ ಎಂಬ ಹೆಸರನ್ನು ತಾಳಿತು. ಈ ಪೀಳಿಗೆಯನ್ನು ತಿದ್ದಿದವರು ಬೇರೆಯವರಾದರೂ ಮುಂಗಾಲಿಯ ತಿರುಚುವ ಸರಳಿನ ಸ್ಪ್ರಿಂಗಿನಂತಹ ಮೂಲಲಕ್ಷಣಗಳು ಉಳಿದುಬಂದುವು. ಮೊದಲು ೧೪೭೬ ಸಿ.ಸಿ.ಯ ಹಳೆಯ ಎಂಜಿನ್, ೧೯೫೯ರಲ್ಲಿ ೧೪೮೯ ಸಿ.ಸಿ.ಯದು, ಆಮೇಲೆ ಡೀಸೆಲ್, ೧೯೯೨ರ ಸುಮಾರಿಗೆ ಜಪಾನಿನ ಇಸುಜು ಕಂಪನಿಯ ೧೮೧೭ ಸಿ.ಸಿ.ಯದು, ಹೀಗೆ ಒಂದೇ ಒಡಲು ಹಲವು ಜನ್ಮಗಳನ್ನು ಕಂಡಿತು. ೨೦೧೪ರಲ್ಲಿ ಅದರ ತಯಾರಿಕೆ ನಿಂತಿತು.

ಇತ್ತ ಇಸಿಗೋನಿಸ್ ೧೯೫೨ರಲ್ಲಿ ಹೊರಗೆ ಹೋಗಿ ಮೂರು ವರ್ಷ ಬೇರೊಂದು ಕಂಪನಿಯಲ್ಲಿದ್ದು ಹಿಂದಿರುಗಿದನು. ೧೯೫೬ರಲ್ಲಿ ಸೂಯೆಜ್ ಕಾಲುವೆಯ ಕಲಹದಿಂದ ಬ್ರಿಟನ್ನಿನಲ್ಲಿ ಪೆಟ್ರೋಲಿಗೆ ಪಡಿತರ ಬಂದಿತು. ಮರುವರ್ಷ ಸಂಸ್ಥೆಯ ಅಧ್ಯಕ್ಷ ಲಿಯೊನಾರ್ಡ್ ಲಾರ್ಡ್ ಅತಿ ಚಿಕ್ಕ ಕಾರೊಂದನ್ನು ಆದಷ್ಟು ಬೇಗ ಮಾಡಿಕೊಡೆಂದು ಆಜ್ಞಾಪಿಸಿದನು. ಕರಾರು ಒಂದೇ, ಕೈಯಲ್ಲಿರುವ ಎಂಜಿನ್ನನ್ನೇ ಬಳಸಬೇಕು. ಇಸಿಗೋನಿಸ್ ಎಂಜಿನ್ನನ್ನು ಅಡ್ಡಡ್ಡವಾಗಿ ತಿರುಗಿಸಿ, ಗೇರುಗಳನ್ನು ಅದರ ಅಡಿಯ ಎಣ್ಣೆಯ ಕೊಪ್ಪರಿಗೆಯಲ್ಲಿಯೇ ಇಟ್ಟು, ಮುಂದಿನ ಚಕ್ರಗಳಿಗೆ ಬಲವನ್ನು ಕೊಟ್ಟನು. ಚಕ್ರಗಳನ್ನು ಹತ್ತು ಅಂಗುಲಕ್ಕೆ ಇಳಿಸಿದನು. ಹತ್ತು ಅಡಿಯಲ್ಲಿ ಎಂಟು ಪಾಲು ಮನುಷ್ಯರಿಗೂ ಸಾಮಾನಿಗೂ ಸಂದಿತು. ೧೯೫೯ನೆಯ ಆಗಸ್ಟ್ ೨೬ರಂದು ಹೊರಬಂದ ಈ ಕಾರೇ ಜಗತ್ಪ್ರಸಿದ್ಧವಾದ ಮಿನಿ. ಬೆಲೆ ತೆರಿಗೆ ಸೇರಿ ಐನೂರು ಪೌಂಡಿಗೆ ಒಳಗೆ.

ಮೊದಲ ಮಾದರಿಯಲ್ಲಿ ೯೪೮ ಸಿ.ಸಿ.ಯ ಎಂಜಿನ್ ಇತ್ತು. ಗಂಟೆಗೆ ತೊಂಬತ್ತು ಮೈಲಿಯ ವೇಗವನ್ನು ಮುಟ್ಟಿದ ಆ ಪುಟ್ಟ ಕಾರು ಸಾಮಾನ್ಯ ಚಾಲಕನ ಕೈಮೀರೀತೆಂದು ಎಂಜಿನ್ನನ್ನು ೮೪೮ಕ್ಕೆ ತಗ್ಗಿಸಿದರು. ಪಂದ್ಯದ ಕಾರುಗಳನ್ನು ಕಟ್ಟುತ್ತಿದ್ದ ಜಾನ್ ಕೂಪರ್ ಎಂಬ ಗೆಳೆಯನು ಅದನ್ನು ನಡೆಸಿ ನೋಡಿ, ಇದಕ್ಕೆ ದೊಡ್ಡ ಎಂಜಿನ್ನೂ ಉತ್ತಮ ಬ್ರೇಕೂ ಬೇಕೆಂದು ಸಲಹೆ ಕೊಟ್ಟನು. ಇಸಿಗೋನಿಸನಿಗೆ ಮನಸ್ಸಿರಲಿಲ್ಲ. ಇದು ಜನಸಾಮಾನ್ಯರ ಬಂಡಿ, ಪಂದ್ಯದ ಕುದುರೆಯಲ್ಲ ಎಂಬುದು ಅವನ ನಿಲುವು. ಯೌವನದಲ್ಲಿ ರಾತ್ರಿ ನಿದ್ದೆಗೆಟ್ಟು ಪಂದ್ಯದ ಕಾರನ್ನು ಕಟ್ಟಿದವನೇ ಇವನು ಎಂಬುದನ್ನು ನೆನೆದರೆ ಸೋಜಿಗವಾಗುತ್ತದೆ. ಕೂಪರ್ ಸಂಸ್ಥೆಯ ಮುಖ್ಯಸ್ಥ ಜಾರ್ಜ್ ಹ್ಯಾರಿಮನ್ನನನ್ನು ಒಪ್ಪಿಸಿದನು. ೧೯೬೧ರಲ್ಲಿ ೯೯೭ ಸಿ.ಸಿ.ಯ, ೫೫ ಅಶ್ವಶಕ್ತಿಯ, ಡಿಸ್ಕ್ ಬ್ರೇಕಿನ ಮಿನಿ ಕೂಪರ್ ಬಂದಿತು. ಸಾವಿರ ಕಾರು ಮಾರಿದರೆ ಸಾಕೆಂದುಕೊಂಡಿದ್ದರು. ಬೇಡಿಕೆ ತಡೆಯಲಾಗದಂತೆ ಬೆಳೆಯಿತು. ಮಾಂಟೆ ಕಾರ್ಲೊ ಪಂದ್ಯದಲ್ಲಿ ೧೯೬೪, ೧೯೬೫ ಮತ್ತು ೧೯೬೭ರಲ್ಲಿ ಈ ಗುಜ್ಜಾರಿ ಕಾರು ಘಟಾನುಘಟಿಗಳನ್ನು ಹಿಂದಿಕ್ಕಿತು.

ಕೀರ್ತಿ ಶಿಖರಕ್ಕೇರಿದಾಗಲೇ ಅವನ ದೋಷಗಳೂ ಬೆಳೆದುವು. ಮಿನಿ ಲಕ್ಷಗಟ್ಟಲೆ ಮಾರಾಟವಾದರೂ ಕಂಪನಿಗೆ ತಕ್ಕ ಲಾಭ ಬರಲಿಲ್ಲ. ಫೋರ್ಡ್ ಕಂಪನಿಯ ಎಂಜಿನಿಯರುಗಳು ಒಂದು ಮಿನಿಯನ್ನು ಬಿಚ್ಚಿ ಲೆಕ್ಕಹಾಕಿ, ಆ ಬೆಲೆಗೆ ಮಾರಿದರೆ ನಷ್ಟವೆಂದೇ ತೀರ್ಮಾನಿಸಿದರು. ತನಗೆ ಸರಿಕಂಡುದೇ ಸರಿ, ಕೊಳ್ಳುವವನ ಇಷ್ಟವನ್ನು ಕೇಳುವುದು ವ್ಯರ್ಥ ಎಂಬ ಹಠ ಅವನಲ್ಲಿ ಗಟ್ಟಿಯಾಯಿತು. ಮುಂದಿನ ದೊಡ್ಡ ಕಾರುಗಳು ಜನರ ಮನಸ್ಸನ್ನು ಗೆಲ್ಲಲಿಲ್ಲ. ೧೯೬೮ರಲ್ಲಿ ಬ್ರಿಟಿಷ್ ಲೇಲೆಂಡ್ ಸಂಸ್ಥೆ ರೂಪುಗೊಂಡಾಗ ಹೊಸ ಆಡಳಿತ ಅವನನ್ನು ಅಧಿಕಾರದಿಂದ ಬದಿಗೆ ಸರಿಸಿತು. ೧೯೬೯ರಲ್ಲಿ ದೊರೆತನದಿಂದ ಸರ್ ಪದವಿ ಬಂದಿತು, ೧೯೭೧ರಲ್ಲಿ ನಿವೃತ್ತಿ ಬಂದಿತು. ಮಿನಿಗೆಂದು ಹೊಸ ಎಂಜಿನ್ನೊಂದನ್ನು ಅವನು ರೂಪಿಸಿದ್ದನು. ಅದನ್ನು ತಯಾರಿಸುವ ಮನಸ್ಸು ಯಾರೂ ಮಾಡಲಿಲ್ಲ. ೧೯೮೮ನೆಯ ಅಕ್ಟೋಬರ್ ೨ರಂದು ಬರ್ಮಿಂಗ್‌ಹ್ಯಾಮಿನಲ್ಲಿ ಅವನು ಕಣ್ಮುಚ್ಚಿದನು. ಹಳೆಯ ಎಂಜಿನ್ನಿನ ವಂಶದಿಂದಲೇ ಮಿನಿ ೨೦೦೦ನೆಯ ಇಸವಿಯವರೆಗೆ ತಯಾರಾಗಿ, ಒಟ್ಟು ಸಂಖ್ಯೆ ೫೩ ಲಕ್ಷವನ್ನು ಮೀರಿತು.

ಈ ಎರಡು ಕಾರುಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದಾಗ ನನಗೆ ಹೊಳೆಯುವುದಿಷ್ಟು. ಮಿನಿಯಲ್ಲಿ ಅವನ ಪ್ರತಿಭೆ ಪೂರ್ಣವಾಗಿದೆ. ಒಂದು ಅಂಗುಲವೂ ವ್ಯರ್ಥವಾಗಿಲ್ಲ. ಅದರಿಂದಲೇ ಅದರ ಬಾನೆಟ್ಟಿನ ಕೆಳಗೆ ಬೇರೆ ಮನೆತನದ ಎಂಜಿನ್ನಿಗೆ ಸುಲಭವಾಗಿ ಎಡೆಯಿಲ್ಲ. ಕೂಪರ್ ಕೂಡ ಇದ್ದ ಎಂಜಿನ್ನಿನ ಒಳಗನ್ನೇ ಹಿಗ್ಗಿಸಬೇಕಾಯಿತು. ಮೈನರಿನಲ್ಲಿ ಅವನ ಆಸೆ ಅಪೂರ್ಣವಾಗಿ ಉಳಿಯಿತು. ಬಯಸಿದ ಎಂಜಿನ್ ಬರಲಿಲ್ಲ, ಅದಕ್ಕೆಂದು ಬಿಟ್ಟ ಜಾಗ ಬರಿದಾಗಿಯೇ ನಿಂತಿತು. ಆ ಬರಿದಾದ ಜಾಗಕ್ಕೆ ಹೆಸರಿಲ್ಲದ ಎಷ್ಟೋ ಜನರು ತಮ್ಮ ಅಲ್ಪ ಹಣದಿಂದ ತಮಗೆ ಬೇಕಾದುದನ್ನು ತಂದು ತುಂಬಿಕೊಂಡರು. ಪರಿಪೂರ್ಣವಾದ ಕೃತಿಯನ್ನು ನಾವು ಮೆಚ್ಚಿ ಕೈಮುಗಿಯುತ್ತೇವೆ. ನಮಗೂ ಒಂದಿಷ್ಟು ಎಡೆಬಿಟ್ಟ ಕೃತಿಯೊಡನೆ ಬಾಳುತ್ತೇವೆ. ಇಸಿಗೋನಿಸ್ ಎರಡನ್ನೂ ಮಾಡಿ ಹೋದನು. ಮೊದಲನೆಯದು ಅವನ ಸಂಕಲ್ಪದಿಂದ ಆಯಿತು, ಎರಡನೆಯದು ಅವನ ಕೊರತೆಯಿಂದ ಆಯಿತು. ಬಡವರಿಗೆ ಹೆಚ್ಚು ಒದಗಿದ್ದು ಯಾವುದೆಂದು ಕೇಳಿದರೆ, ಎರಡನೆಯದೆಂದೇ ನಾನು ಹೇಳುವೆನು.